ಹೆಸರಾಂತ ಆತ್ಮಚಿತ್ರದೊಳಗೆ ನೀವೇ ಕೂತು ಫೋಟೊ ತೆಗೆಯುವ ಬಗೆ

ವಿನ್ಸೆಂಟ್ ವ್ಯಾನ್ ಗೋ 1889ರ ಜನವರಿಯಲ್ಲಿ ಬಿಡಿಸಿಕೊಂಡ ಒಂದು ಆತ್ಮಚಿತ್ರ ಲಂಡನ್ನಿನ ಕೋರ್ಟೋಲ್ಡ್ ಗ್ಯಾಲರಿಯಲ್ಲಿದೆ. ತಲೆಗೆ ತುಪ್ಪಳದ ಟೋಪಿ, ಮೈಗೆ ಹಸಿರು ಕೋಟು, ಕಿವಿಗೆ ಬಿಳಿ ಪಟ್ಟಿ. ಹಿಂದಿನ ಗೋಡೆಯ ಮೇಲೆ ಒಂದು ಜಪಾನಿ ಮುದ್ರಣಚಿತ್ರ. ನೆದರ್ಲೆಂಡ್ಸಿನಲ್ಲಿ ಹುಟ್ಟಿ, ದಕ್ಷಿಣ ಫ್ರಾನ್ಸಿನ ಬಾಡಿಗೆ ಮನೆಯಲ್ಲಿ ಕೂತಿದ್ದ ಕಲಾವಿದರು ತಮ್ಮ ಮುಖದ ಪಕ್ಕಕ್ಕೆ ಜಪಾನನ್ನು ತಂದಿಟ್ಟುಕೊಂಡಿದ್ದಾರೆ. ಎಲ್ಲಿಂದ ಬಂದೆ ಎನ್ನುವುದಕ್ಕಿಂತ, ಯಾವುದನ್ನು ನನ್ನದೆಂದು ಆರಿಸಿಕೊಂಡೆ ಎನ್ನುವುದನ್ನು ಆ ಮುದ್ರಣಚಿತ್ರ ಹೇಳುತ್ತದೆ.

ಈಗ ಅದೇ ಜಾಗದಲ್ಲಿ ನೀವು ಕೂತಿದ್ದೀರಿ ಎಂದುಕೊಳ್ಳಿ. ಆ ಗೋಡೆಗೆ ಏನು ತೂಗುಹಾಕುತ್ತೀರಿ?

ಪೂರ್ತಿ ಕೆಲಸ ಈ ಪ್ರಶ್ನೆಯ ಸುತ್ತ ನಡೆಯುತ್ತದೆ. ಭಂಗಿ, ಬೆಳಕು, ಚೌಕಟ್ಟು ಮೂವತ್ತು ಸಲ ಅಳೆದಾದರೂ ಮೂಲದಂತೆಯೇ ಬರಬೇಕು. ಬದಲಾಗಬೇಕಾದದ್ದು ಒಂದು ಅಥವಾ ಎರಡು ವಸ್ತು ಮಾತ್ರ. ನೋಡುವವರು ಮೊದಲು ಮೂಲಚಿತ್ರವನ್ನು ಗುರುತು ಹಿಡಿಯುತ್ತಾರೆ, ಆಮೇಲೆ ಅವರ ಕಣ್ಣು ಹೊಂದದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ನಿಮ್ಮ ಊರು, ಮನೆಮಾತು, ಮನೆತನ, ಕಸುಬು, ಒಳಗಿನ ಗೊಂದಲ ಎಲ್ಲ ಮಾತಾಡಬೇಕಾದದ್ದು ಆ ಜಾಗದಲ್ಲೇ. ಎಲ್ಲವನ್ನೂ ಬದಲಿಸಿದರೆ ಮೂಲದ ಗುರುತೇ ಸಿಗುವುದಿಲ್ಲ. ಏನನ್ನೂ ಬದಲಿಸದಿದ್ದರೆ ಅದು ಬರೀ ವೇಷ.

ಈ ದಾರಿಯಲ್ಲಿ ಮೊದಲೇ ನಡೆದವರು

ಜಪಾನಿನ ಕಲಾವಿದ ಯಾಸುಮಾಸ ಮೊರಿಮುರ 1985ರಲ್ಲಿ ಕಿವಿಗೆ ಪಟ್ಟಿ ಕಟ್ಟಿದ ವ್ಯಾನ್ ಗೋ ಆಗಿ ಫೋಟೊ ತೆಗೆಸಿಕೊಂಡರು. ವ್ಯಾನ್ ಗೋ ಜಪಾನಿನತ್ತ ನೋಡಿದ್ದರು. ಸುಮಾರು ಒಂದು ಶತಮಾನದ ನಂತರ ಜಪಾನಿನ ಮುಖವೊಂದು ವ್ಯಾನ್ ಗೋ ಒಳಗಿನಿಂದ ತಿರುಗಿ ನೋಡಿತು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ರಾಜಾ ರವಿವರ್ಮರ ಬೆಳದಿಂಗಳ ಹೆಣ್ಣೂ ಆಗಿದ್ದಾರೆ, ವಸಾಹತು ಕಾಲದ ಮಾನವಶಾಸ್ತ್ರಜ್ಞರು ಅಳತೆಗೋಲಿನ ಮುಂದೆ ನಿಲ್ಲಿಸಿದಂಥ ಹೆಣ್ಣೂ ಆಗಿದ್ದಾರೆ. ಸೆನೆಗಲ್ಲಿನ ಛಾಯಾಗ್ರಾಹಕ ಒಮರ್ ವಿಕ್ಟರ್ ಡಿಯೋಪ್ 2014ರ ಸರಣಿಯಲ್ಲಿ ಯುರೋಪಿನ ಹಳೆಯ ವರ್ಣಚಿತ್ರಗಳಲ್ಲಿರುವ ಆಫ್ರಿಕಾ ಮೂಲದವರ ಉಡುಪು ತೊಟ್ಟು, ಕೈಗೆ ಫುಟ್‌ಬಾಲ್ ಆಟದ ಸಾಮಾನು ಹಿಡಿದರು. ಅಂದು ಮೆರೆಸಿದರೂ ಹೊರಗಿನವರಾಗಿಯೇ ಉಳಿಸಿದ್ದರು, ಇಂದಿನ ಆಟಗಾರರದ್ದೂ ಅದೇ ಕಥೆ ಎನ್ನುವುದನ್ನು ಒಂದು ಚೆಂಡು ಹೇಳಿಬಿಡುತ್ತದೆ. ವಸ್ತು ಒಂದೇ ಆದರೂ ಎಷ್ಟು ಕೆಲಸ ಮಾಡಬಲ್ಲದು ಎಂದು ತಿಳಿಯಬೇಕಾದರೆ ಆ ಸರಣಿಯನ್ನು ನಿಧಾನವಾಗಿ ನೋಡಿ.

ಯಾವ ಚಿತ್ರ ಆರಿಸಿಕೊಳ್ಳಬೇಕು

ಇಷ್ಟವಾದ ಚಿತ್ರ ಎಂಬುದು ಸಾಲದು. ಆ ಕಲಾವಿದರೂ ಗುರುತಿನ ಪ್ರಶ್ನೆಯನ್ನೇ ಎದುರಿಸಿದ ಚಿತ್ರವಾದರೆ ನಿಮ್ಮ ಬದಲಾವಣೆಗೆ ಹಿಡಿಕೆ ಸಿಗುತ್ತದೆ. ಕೆಲವು ಒಳ್ಳೆಯ ಆಯ್ಕೆಗಳು ಇಲ್ಲಿವೆ.

ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1500ರಲ್ಲಿ ಬಿಡಿಸಿದ ಆತ್ಮಚಿತ್ರ, ಮ್ಯೂನಿಕ್‌ನ ಆಲ್ಟೆ ಪಿನಾಕೊಥೆಕ್‌ನಲ್ಲಿದೆ. ನೇರ ಎದುರು ಮುಖ, ಕಪ್ಪು ಹಿನ್ನೆಲೆ, ತುಪ್ಪಳದ ಕಾಲರ್ ಮೇಲೆ ಒಂದು ಕೈ. ಕಣ್ಣಿನ ಮಟ್ಟದಲ್ಲಿ ಎರಡೂ ಬದಿಗೆ ಚಿನ್ನದ ಬಣ್ಣದ ಬರಹ: ಒಂದು ಕಡೆ ಇಸವಿ ಮತ್ತು ಹೆಸರಿನ ಮೊದಲ ಅಕ್ಷರಗಳು, ಇನ್ನೊಂದು ಕಡೆ ತನ್ನ 28ನೆಯ ವಯಸ್ಸಿನಲ್ಲಿ ತನ್ನನ್ನು ತಾನೇ ಚಿತ್ರಿಸಿಕೊಂಡೆ ಎಂಬ ಲ್ಯಾಟಿನ್ ಸಾಲುಗಳು. ಮೊದಲ ಸಲ ಮಾಡುವವರಿಗೆ ನಮ್ಮ ಆಯ್ಕೆ ಇದೇ. ಹಿನ್ನೆಲೆಗೆ ಒಂದು ಕಪ್ಪು ಬಟ್ಟೆ ಸಾಕು. ಲಿಪಿ ಬದಲಿಸಲು ಇಷ್ಟು ಸಹಜವಾದ ಜಾಗ ಇನ್ನೊಂದು ಚಿತ್ರದಲ್ಲಿ ಸಿಗುವುದು ಕಷ್ಟ.

ಮೆಕ್ಸಿಕೊದ ಫ್ರಿಡಾ ಕಾಲೊ 1940ರಲ್ಲಿ ಬಿಡಿಸಿದ, ಮುಳ್ಳಿನ ಸರದ ಆತ್ಮಚಿತ್ರ. ಕುತ್ತಿಗೆಗೆ ಮುಳ್ಳಿನ ಬಳ್ಳಿ, ಅದಕ್ಕೆ ತೂಗಿಬಿದ್ದ ಸತ್ತ ಹಮ್ಮಿಂಗ್‌ಬರ್ಡ್, ಒಂದು ಭುಜದ ಹಿಂದೆ ಕೋತಿ, ಇನ್ನೊಂದರ ಹಿಂದೆ ಕಪ್ಪು ಬೆಕ್ಕು, ಕೂದಲಲ್ಲಿ ಚಿಟ್ಟೆ, ಬೆನ್ನಿಗೆ ಎಲೆಗಳ ಗೋಡೆ. ಬದಲಿಸಲು ಹತ್ತು ಜಾಗ ಸಿಗುತ್ತದೆ. ಅಪಾಯ ಇರುವುದೂ ಅಲ್ಲೇ, ಹತ್ತನ್ನೂ ಬದಲಿಸುವ ಆಸೆಯಾಗುತ್ತದೆ.

ಅಮೃತಾ ಶೇರ್‌ಗಿಲ್ 1934ರಲ್ಲಿ ತಮ್ಮನ್ನು ಪೆಸಿಫಿಕ್ ಸಾಗರದ ತಹಿತಿ ದ್ವೀಪದ ಹೆಣ್ಣಾಗಿ ಬಿಡಿಸಿಕೊಂಡ ಚಿತ್ರ. ತಂದೆ ಪಂಜಾಬಿ ಸಿಖ್, ತಾಯಿ ಹಂಗೇರಿಯವರು, ಓದುತ್ತಿದ್ದದ್ದು ಪ್ಯಾರಿಸ್ಸಿನಲ್ಲಿ. ಫ್ರಾನ್ಸಿನ ಚಿತ್ರಕಾರ ಪಾಲ್ ಗೊಗ್ಯಾಂ ಹೊರಗಿನಿಂದ ನೋಡಿ ಬಿಡಿಸಿದ ತಹಿತಿ ಹೆಣ್ಣುಗಳ ಜಾಗದಲ್ಲಿ ಅವರು ತಾವೇ ನಿಂತರು. ಅಂದರೆ ಈ ಚಿತ್ರವೇ ಒಂದು ಮರುಸೃಷ್ಟಿ. ಇದನ್ನು ಆರಿಸಿಕೊಂಡವರು ಮೂರನೆಯ ಪದರ ಸೇರಿಸುತ್ತಿದ್ದಾರೆ ಎಂಬುದು ನೆನಪಿರಲಿ. ನಿಮ್ಮನ್ನು ಹೊರಗಿನಿಂದ ನೋಡಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಶುರುಮಾಡಿ.

ಎರಡು ಸಂಸ್ಕೃತಿಗಳ ನಡುವೆ ಬೆಳೆದವರಿಗೆ ಕಾಲೊ ಅವರ 1939ರ ಜೋಡಿ ಆತ್ಮಚಿತ್ರ ಇದೆ. ಅದರ ತಂತ್ರ ಬೇರೆ, ಮುಂದೆ ಬರುತ್ತದೆ.

ಆರಿಸಿದ ಮೇಲೆ ಆ ವಸ್ತುಸಂಗ್ರಹಾಲಯದ ಜಾಲತಾಣದಲ್ಲೇ ಚಿತ್ರ ಹುಡುಕಿ. ಬೇರೆಡೆ ಸಿಗುವ ಪ್ರತಿಗಳಲ್ಲಿ ಅಂಚು ಕತ್ತರಿಸಿರುತ್ತದೆ, ಬಣ್ಣ ಏರಿಸಿರುತ್ತಾರೆ, ಕೆಲವೊಮ್ಮೆ ಎಡಬಲ ತಿರುಗಿರುತ್ತದೆ. ಉದ್ದನೆಯ ಬದಿ ಕನಿಷ್ಠ 2000 ಪಿಕ್ಸೆಲ್ ಇದ್ದರೆ ಬೆರಳಿನ ಮಡಿಕೆ, ಕಣ್ಣಿನ ಹೊಳಪು ಕಾಣುತ್ತದೆ. ತುಂಬ ಹಳೆಯ ತೈಲಚಿತ್ರಗಳಲ್ಲಿ ಮೇಲ್ಲೇಪದ ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ. ಆ ಹಳದಿಯನ್ನು ಕಲಾವಿದರ ಬಣ್ಣವೆಂದು ತಿಳಿದು ನಕಲು ಮಾಡಿದರೆ ನಿಮ್ಮ ಮುಖ ಕಾಮಾಲೆ ಹಿಡಿದಂತೆ ಬರುತ್ತದೆ.

ಮೂರು ಸಾಲಿನ ಹಾಳೆ

ಕ್ಯಾಮೆರಾ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಮೂರು ಉದ್ದ ಸಾಲು ಮಾಡಿಕೊಳ್ಳಿ. ಮೊದಲ ಸಾಲಿನಲ್ಲಿ ಚಿತ್ರದಲ್ಲಿರುವ ಪ್ರತಿಯೊಂದು ವಸ್ತು, ಬಟ್ಟೆ, ಸನ್ನೆ. ಎರಡನೆಯದರಲ್ಲಿ ಅದು ಅಲ್ಲಿ ಮಾಡುತ್ತಿರುವ ಕೆಲಸ. ಮೂರನೆಯದರಲ್ಲಿ ನಿಮ್ಮ ಬದುಕಿನಲ್ಲಿ ಅದೇ ಕೆಲಸ ಮಾಡುವ ವಸ್ತು.

ನಡುವಿನ ಸಾಲನ್ನು ಹಾರಿಸುವವರೇ ಹೆಚ್ಚು. ಹಾರಿಸಿದರೆ ಆಗುವುದು ಇಷ್ಟು: ಹೂವಿಗೆ ಹೂವು, ಹಕ್ಕಿಗೆ ಹಕ್ಕಿ, ಆಭರಣಕ್ಕೆ ಆಭರಣ. ಫೋಟೊ ಪ್ರವಾಸಿ ಪೋಸ್ಟರಿನಂತೆ ಆಗುತ್ತದೆ, ಅದರಲ್ಲಿ ನೀವೇ ಇರುವುದಿಲ್ಲ. ಮುಳ್ಳಿನ ಸರದ ಮುಂದೆ 'ಅಲಂಕಾರವಾಗಬೇಕಾದದ್ದು ನೋವು ಕೊಡುತ್ತಿದೆ' ಎಂದು ಬರೆದರೆ ಮೂರನೆಯ ಸಾಲು ತಾನಾಗಿ ತೆರೆದುಕೊಳ್ಳುತ್ತದೆ: ಪ್ರೀತಿಯಿಂದ ಕೊಟ್ಟದ್ದು, ಆದರೆ ಕತ್ತು ಬಿಗಿಯುವುದು ಯಾವುದು? ಅಳತೆ ಪಟ್ಟಿಯೇ, ಗುರುತಿನ ಚೀಟಿಗಳ ಸರಮಾಲೆಯೇ, ಬೀಗದ ಕೈಗಳ ಗೊಂಚಲೇ, ಪರೀಕ್ಷೆಯ ಅಂಕಪಟ್ಟಿಗಳನ್ನು ಹೊಲಿದ ಹಾರವೇ? ಮನೆಯ ಹಿರಿಯರು ದಿನವೂ ಕೈಯಲ್ಲಿ ಹಿಡಿದ ಕೆಲಸದ ಸಲಕರಣೆಗೆ ಹಬ್ಬದ ಒಡವೆಗಿಂತ ಹೆಚ್ಚು ಬಲವಿರುತ್ತದೆ. ಸವೆದ ಹಿಡಿಯನ್ನು ಕ್ಯಾಮೆರಾ ಚೆನ್ನಾಗಿ ನೋಡುತ್ತದೆ.

ಹಾಳೆ ತುಂಬಿದ ಮೇಲೆ ಮೂರನೆಯ ಸಾಲಿನಲ್ಲಿ ಎರಡನ್ನು ಉಳಿಸಿ, ಉಳಿದದ್ದನ್ನು ಹೊಡೆದುಹಾಕಿ. ಒಂದು ಕಣ್ಣಿಗೆ ಬೇಗ ಬೀಳುವಂಥದ್ದು, ಇನ್ನೊಂದು ಎರಡನೆಯ ನೋಟಕ್ಕೆ ಸಿಗುವಂಥದ್ದು. ಹೊಡೆದುಹಾಕುವಾಗ ಸಂಕಟವಾಗುತ್ತದೆ. ಬಿಟ್ಟದ್ದರಲ್ಲಿ ಇನ್ನೊಂದು ಫೋಟೊ ಮಾಡಬಹುದು.

ಎಡಬಲದ ಲೆಕ್ಕ

ವ್ಯಾನ್ ಗೋ ಗಾಯ ಮಾಡಿಕೊಂಡದ್ದು ಎಡಗಿವಿಗೆ. ಚಿತ್ರದಲ್ಲಿ ಪಟ್ಟಿ ಇರುವುದು ಬಲಗಿವಿಗೆ, ಏಕೆಂದರೆ ಅವರು ಬಿಡಿಸಿದ್ದು ಕನ್ನಡಿಯೊಳಗಿನ ಮುಖವನ್ನು. ನೀವು ಚಿತ್ರವನ್ನು ಅನುಸರಿಸುವುದಾದರೆ ಪಟ್ಟಿಯನ್ನು ನಿಮ್ಮ ಬಲಗಿವಿಗೇ ಕಟ್ಟಬೇಕು. ಫೋನಿನ ಮುಂದಿನ ಕ್ಯಾಮೆರಾ ಪರದೆಯ ಮೇಲೆ ನಿಮ್ಮನ್ನು ಕನ್ನಡಿಯಂತೆ ತೋರಿಸಿ, ಎಷ್ಟೋ ಫೋನುಗಳಲ್ಲಿ ಉಳಿಸುವಾಗ ಮತ್ತೆ ತಿರುಗಿಸುತ್ತದೆ. ಪರದೆ ನೋಡಿ ಕಟ್ಟಿದ ಪಟ್ಟಿ ಕೊನೆಗೆ ಇನ್ನೊಂದು ಕಿವಿಯಲ್ಲಿರುತ್ತದೆ. ಆಮೇಲೆ ತಿರುಗಿಸೋಣ ಎಂದರೆ ಬೈತಲೆ, ಗುಂಡಿ ಸಾಲು, ಹಿನ್ನೆಲೆಯ ಬರಹ ಎಲ್ಲವೂ ತಿರುಗುತ್ತವೆ.

ಇದಕ್ಕೆ ಸುಲಭ ಉಪಾಯ ಒಂದಿದೆ. ಮೂಲಚಿತ್ರದ ಮುದ್ರಿತ ಪ್ರತಿಯ ಮೇಲೆ 'ನನ್ನ ಬಲ', 'ನನ್ನ ಎಡ' ಎಂದು ಬರೆದು ಕ್ಯಾಮೆರಾ ಪಕ್ಕ ಅಂಟಿಸಿ. ನೋಡುವವರ ಎಡಕ್ಕಿರುವುದೆಲ್ಲ ನಿಮ್ಮ ಬಲ. ಹಿಂಬದಿಯ ಕ್ಯಾಮೆರಾವನ್ನೇ ಬಳಸಿ, ಅದರಲ್ಲಿ ಈ ಗೊಂದಲ ಇರುವುದಿಲ್ಲ. ಚಿತ್ರದ ಗುಣಮಟ್ಟವೂ ಸಾಮಾನ್ಯವಾಗಿ ಹೆಚ್ಚು.

ಬೆಳಕನ್ನು ಓದುವುದು

ಮೂಗಿನ ನೆರಳು ಯಾವ ಕಡೆ ಬಿದ್ದಿದೆ, ಎಷ್ಟು ಉದ್ದ, ಅದರ ಅಂಚು ಚೂಪೋ ಮಸುಕೋ ಎಂದು ಮೂಲಚಿತ್ರದಲ್ಲಿ ನೋಡಿ. ಕಣ್ಣೊಳಗಿನ ಹೊಳಪಿನ ಚುಕ್ಕಿ ಎಲ್ಲಿದೆ ನೋಡಿ. ಈ ಎರಡರಿಂದ ಬೆಳಕಿನ ದಿಕ್ಕು, ಎತ್ತರ, ಗಾತ್ರ ಮೂರೂ ತಿಳಿಯುತ್ತವೆ. ಅಂಚು ಮಸುಕಾಗಿದ್ದರೆ ದೊಡ್ಡ ಕಿಟಕಿ, ಚೂಪಾಗಿದ್ದರೆ ಚಿಕ್ಕ ದೀಪ.

ಹಳೆಯ ಯುರೋಪಿನ ಭಾವಚಿತ್ರಗಳಿಗೆ ನೇರ ಬಿಸಿಲು ಬೀಳದ ಒಂದೇ ಕಿಟಕಿ ಸಾಕು. ಕಿಟಕಿಯಿಂದ ಒಂದರಿಂದ ಒಂದೂವರೆ ಮೀಟರ್ ದೂರ, ಕಿಟಕಿ ನಿಮ್ಮ ಮುಖಕ್ಕೆ ಸುಮಾರು 45 ಡಿಗ್ರಿ ಪಕ್ಕಕ್ಕೆ ಇರುವಂತೆ ಕೂತುಕೊಳ್ಳಿ. ಕಿಟಕಿಯ ಕೆಳಗಿನ ಅರ್ಧವನ್ನು ರಟ್ಟಿನಿಂದ ಮುಚ್ಚಿ. ಬೆಳಕು ಮೇಲಿನಿಂದ ಇಳಿಯುತ್ತದೆ, ಕತ್ತಿನ ಕೆಳಗೆ ಕತ್ತಲೆ ಕೂರುತ್ತದೆ. ಈ ಒಂದು ರಟ್ಟಿನಿಂದ ಆಗುವ ವ್ಯತ್ಯಾಸ ದುಬಾರಿ ದೀಪಗಳಿಂದಲೂ ಆಗುವುದಿಲ್ಲ. ಡಚ್ ಚಿತ್ರಕಾರ ರೆಂಬ್ರಾಂಟ್ ಚಿತ್ರಗಳಲ್ಲಿ ಕಾಣುವ, ನೆರಳಿನ ಕೆನ್ನೆಯ ಮೇಲಿನ ಚಿಕ್ಕ ಬೆಳಕಿನ ತ್ರಿಕೋನ ಬೇಕಾದರೆ ಮೂಗಿನ ನೆರಳು ಕೆನ್ನೆಯ ನೆರಳನ್ನು ಮುಟ್ಟುವವರೆಗೆ ಮುಖವನ್ನು ಕಿಟಕಿಯಿಂದ ನಿಧಾನವಾಗಿ ಆಚೆಗೆ ತಿರುಗಿಸಿ. ನೆರಳಿನ ಬದಿ ತೀರ ಕಪ್ಪಾದರೆ ಅಲ್ಲಿಂದ ಅರ್ಧ ಮೀಟರಿಗೆ ಬಿಳಿ ಥರ್ಮಾಕೋಲ್ ಹಲಗೆ ನಿಲ್ಲಿಸಿ. ಸಾಕಷ್ಟು ಕಪ್ಪಾಗದಿದ್ದರೆ ಅದೇ ಜಾಗದಲ್ಲಿ ಕಪ್ಪು ಬಟ್ಟೆ. ಬಿಳಿ ಗೋಡೆಯ ಕೋಣೆಯಲ್ಲಿ ಬಹುತೇಕ ಬೇಕಾಗುವುದು ಕಪ್ಪು ಬಟ್ಟೆಯೇ, ಏಕೆಂದರೆ ಗೋಡೆಗಳೆಲ್ಲ ಬೆಳಕು ಎರಚುತ್ತಿರುತ್ತವೆ.

ಕಾಲೊ ಚಿತ್ರಗಳದ್ದು ಬೇರೆ ದಾರಿ. ಅಲ್ಲಿ ಮುಖದ ಮೇಲೆ ಗಾಢ ನೆರಳಿಲ್ಲ, ಎಲ್ಲ ಸಮತಟ್ಟು. ಕಿಟಕಿಗೆ ಎದುರು ಮುಖ ಮಾಡಿ, ಕ್ಯಾಮೆರಾವನ್ನು ಕಿಟಕಿಯ ಮುಂದೆ ನಿಲ್ಲಿಸಿ, ಬಿಳಿ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಮೋಡದ ದಿನ ಹೊರಗೆ ನೆರಳಿನಲ್ಲಿ ಕೂತರೂ ಆಗುತ್ತದೆ.

ಕೋಣೆಯ ದೀಪಗಳನ್ನೆಲ್ಲ ಆರಿಸಿ. ಕಿಟಕಿ ಬೆಳಕು ನೀಲಿಯತ್ತ, ಬಲ್ಬಿನ ಬೆಳಕು ಹಳದಿಯತ್ತ ವಾಲುತ್ತದೆ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಎಡಿಟಿಂಗ್‌ನಲ್ಲಿ ಒಂದು ಕೆನ್ನೆ ಸರಿಮಾಡಿದಾಗ ಇನ್ನೊಂದು ಕೆಡುತ್ತದೆ. ಬೆಳಕಿನ ಬಣ್ಣಕ್ಕೆ ತಕ್ಕಂತೆ ಕ್ಯಾಮೆರಾ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ 'ಆಟೊ' ಬೇಡ, ಹಗಲಿನ ಬೆಳಕಿಗೆ, ಅಂದರೆ 5200ರಿಂದ 5600 ಕೆಲ್ವಿನ್‌ಗೆ ಕಟ್ಟಿಹಾಕಿ.

ಕ್ಯಾಮೆರಾ ಮತ್ತು ಚೌಕಟ್ಟು

ಹತ್ತಿರ ಇಟ್ಟ ವೈಡ್ ಲೆನ್ಸ್ ಮೂಗನ್ನು ಉಬ್ಬಿಸುತ್ತದೆ, ಕಿವಿಗಳನ್ನು ಹಿಂದಕ್ಕೆ ತಳ್ಳುತ್ತದೆ. ಹಳೆಯ ಚಿತ್ರದ ಘನತೆ ಹೋಗುವುದು ಅಲ್ಲೇ. ಕ್ಯಾಮೆರಾ ಮುಖದಿಂದ ಒಂದೂವರೆಯಿಂದ ಎರಡು ಮೀಟರ್ ದೂರ ಇರಲಿ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾಕ್ಕೆ 85 ಮಿ.ಮೀ., ಚಿಕ್ಕ ಸೆನ್ಸರಿನದಕ್ಕೆ 50 ಮಿ.ಮೀ. ಲೆನ್ಸ್. ಫೋನಿನಲ್ಲಿ ಎರಡು ಅಥವಾ ಮೂರು ಪಟ್ಟಿನ ಲೆನ್ಸ್. ಅದಿಲ್ಲದಿದ್ದರೆ ಸಾಮಾನ್ಯ ಲೆನ್ಸ್‌ನಲ್ಲೇ ದೂರದಿಂದ ತೆಗೆದು ಕತ್ತರಿಸಿ. ಮೂಗಿನ ಆಕಾರ ನಿರ್ಧರಿಸುವುದು ದೂರ, ಲೆನ್ಸ್ ಅಲ್ಲ. ಎತ್ತರ ಕಣ್ಣಿನ ಮಟ್ಟಕ್ಕೆ. ಅಪರ್ಚರ್, ಅಂದರೆ ಲೆನ್ಸಿನ ತೆರಪು, ಎಫ್ 5.6ರಿಂದ 8. ಹಿನ್ನೆಲೆ ಮಸುಕಾಗಲೆಂದು ಎಫ್ 1.8 ಇಡುವವರಿದ್ದಾರೆ. ಹಳೆಯ ಚಿತ್ರಕಾರರ ಹಿನ್ನೆಲೆ ಹಾಗೆ ಕರಗುವುದಿಲ್ಲ, ಮೇಲಾಗಿ ಒಂದು ಕಣ್ಣು ಫೋಕಸ್ ತಪ್ಪುತ್ತದೆ. ಶಟರ್ ವೇಗ ಸೆಕೆಂಡಿನ 60ನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಐಎಸ್‌ಒ 400ರಿಂದ 800.

ಚೌಕಟ್ಟಿನ ಅನುಪಾತ ಮೂಲದ್ದೇ ಇರಬೇಕು. ವ್ಯಾನ್ ಗೋ ಚಿತ್ರ ಸುಮಾರು 60 ಸೆಂ.ಮೀ. ಎತ್ತರ, 50 ಅಗಲ. ಡ್ಯೂರರ್ ಚಿತ್ರ ಸುಮಾರು 67ಕ್ಕೆ 49. ಮೊದಲನೆಯದು ಬಹುತೇಕ ಚೌಕಕ್ಕೆ ಹತ್ತಿರ, ಎರಡನೆಯದು ಉದ್ದ. ಫೋನಿನ 4:3ರಲ್ಲಿ ತೆಗೆದು, ನಾಲ್ಕೂ ಕಡೆ ಸ್ವಲ್ಪ ಹೆಚ್ಚು ಜಾಗ ಬಿಟ್ಟು, ಆಮೇಲೆ ನಿಖರ ಅನುಪಾತಕ್ಕೆ ಕತ್ತರಿಸಿ. ಅಳತೆ ಹೀಗೆ: ಮೂಲದ ಮುದ್ರಿತ ಪ್ರತಿಯಲ್ಲಿ ಮೇಲಿನ ಅಂಚಿನಿಂದ ಕಣ್ಣಿನ ಗೆರೆವರೆಗೆ, ಗಲ್ಲದವರೆಗೆ, ಭುಜದವರೆಗೆ ಸ್ಕೇಲ್ ಇಟ್ಟು ಅಳೆದು, ಒಟ್ಟು ಎತ್ತರದ ಶೇಕಡಾ ಎಷ್ಟು ಎಂದು ಬರೆದುಕೊಳ್ಳಿ. ನಿಮ್ಮ ಪ್ರಯೋಗದ ಫೋಟೊದಲ್ಲಿ ಈ ಮೂರು ಗೆರೆ ಹೊಂದಿದರೆ ಉಳಿದದ್ದು ತಾನಾಗಿ ಕೂರುತ್ತದೆ.

ಒಬ್ಬರೇ ಇರುವಾಗ ಫೋಕಸ್ ಮಾಡುವುದೇ ದೊಡ್ಡ ತೊಡಕು. ಕುರ್ಚಿಯ ಮೇಲೆ ನಿಮ್ಮ ಮುಖದ ಜಾಗಕ್ಕೆ ಕೋಲೊಂದನ್ನು ನಿಲ್ಲಿಸಿ, ಅದಕ್ಕೆ ಅಕ್ಷರವಿರುವ ಕಾಗದ ಅಂಟಿಸಿ, ಅದರ ಮೇಲೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ಬದಲಿಸಿ. ಫೋನಿನಲ್ಲಿ ಆ ಕಾಗದದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಎಕ್ಸ್‌ಪೋಷರ್ ಎರಡೂ ಲಾಕ್ ಆಗುತ್ತವೆ. ಕುರ್ಚಿಯ ನಾಲ್ಕು ಕಾಲಿನ ಸುತ್ತ ನೆಲಕ್ಕೆ ಟೇಪ್ ಅಂಟಿಸಿ. ಕೂರುವಾಗ ಎರಡು ಬೆರಳಷ್ಟು ಸರಿದರೂ ಲೆಕ್ಕ ತಪ್ಪುತ್ತದೆ. ಫೋನಿನ ಹಿಂದೆ ಒಂದು ಕನ್ನಡಿ ನಿಲ್ಲಿಸಿದರೆ ಭಂಗಿ ನೋಡಿಕೊಳ್ಳಬಹುದು. ಆದರೆ ಕ್ಲಿಕ್ ಆಗುವ ಕ್ಷಣ ಕಣ್ಣು ಲೆನ್ಸ್ ಕಡೆ ಇರಲಿ, ಕನ್ನಡಿಯಲ್ಲಿ ಬೇಡ.

ಟೈಮರ್ 10 ಸೆಕೆಂಡಿಗೆ, ಒಂದು ಸಲಕ್ಕೆ ಐದು ಫೋಟೊ ಬರುವಂತೆ ಇಡಿ. ಕೂತು, ಕಣ್ಣು ಮುಚ್ಚಿ, ಉಸಿರು ಪೂರ್ತಿ ಬಿಟ್ಟು, ಕೊನೆಯ ಎರಡು ಸೆಕೆಂಡಿಗೆ ಕಣ್ಣು ತೆರೆಯಿರಿ. ಮುಚ್ಚಿ ತೆರೆದ ಕಣ್ಣಿನಲ್ಲಿ ಕಾಯುವಿಕೆಯ ಬಿಗಿ ಇರುವುದಿಲ್ಲ. ಮೊದಲ ಹದಿನೈದು ಇಪ್ಪತ್ತು ಫೋಟೊಗಳಲ್ಲಿ ಮುಖ ನಟಿಸುತ್ತಿರುತ್ತದೆ, ಬಾಯಿಯ ಮೂಲೆಯಲ್ಲಿ ಅದು ಗೊತ್ತಾಗುತ್ತದೆ. ದಣಿವು ಶುರುವಾದ ಮೇಲೆ ಬರುವ ಮುಖವೇ ಬೇಕಾದದ್ದು. ಆದ್ದರಿಂದ ನಲವತ್ತಕ್ಕೆ ಮುಂಚೆ ನಿಲ್ಲಿಸಬೇಡಿ.

ಮುಳ್ಳಿನ ಸರ, ಕೈಯಾರೆ

ಸರವನ್ನು ಹಾಗೇ ಉಳಿಸಿಕೊಂಡು ಅದಕ್ಕೆ ತೂಗುವ ವಸ್ತುವನ್ನು ಬದಲಿಸುವವರಿಗೆ ಇದು. ನಿಜವಾದ ಮುಳ್ಳು ಬೇಡವೇ ಬೇಡ. ಒಂದು ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಂತಿ ಮೂರು ಎಳೆ, ತಲಾ 70 ಸೆಂ.ಮೀ. ಸಡಿಲವಾಗಿ ಹೆಣೆದರೆ 60 ಸೆಂ.ಮೀ. ಆಸುಪಾಸು ಉಳಿಯುತ್ತದೆ. ಅದರ ಮೇಲೆ ಪೇಪರ್ ಟೇಪನ್ನು ಓರೆಯಾಗಿ, ಅಲ್ಲಲ್ಲಿ ಗಂಟು ಕಾಣುವಂತೆ ಸುತ್ತಿ. ಮುಳ್ಳಿಗೆ ದಪ್ಪ ಕಾಗದವನ್ನು ಎರಡು ಸೆಂ.ಮೀ. ಉದ್ದದ ಚಿಕ್ಕ ಶಂಕುಗಳಾಗಿ ಸುರುಳಿ ಸುತ್ತಿ, ಬುಡಕ್ಕೆ ಅಂಟು ಹಚ್ಚಿ, ಮೇಲೆ ಇನ್ನೊಂದು ಸುತ್ತು ಟೇಪ್. ಕುತ್ತಿಗೆಗೆ ತಾಗುವ ಬದಿಯಲ್ಲಿ ಮುಳ್ಳು ಬೇಡ, ಹೊರಬದಿಗೆ ಮತ್ತು ಕೆಳಕ್ಕೆ ಸಾಕು. ಕಂದು ಪೋಸ್ಟರ್ ಬಣ್ಣ ಬಳಿದು, ಒಣಗಿದ ಮೇಲೆ ಒಣ ಬ್ರಷ್‌ನಲ್ಲಿ ಸ್ವಲ್ಪ ಬೂದು ಎಳೆಯಿರಿ.

ಕೆಡುವುದು ಮೂರು ಕಡೆ. ಅಂಟು ಹೊಳೆದು ಫೋಟೊದಲ್ಲಿ ಬಿಳಿ ಚುಕ್ಕೆಯಾಗುತ್ತದೆ. ಟಾಲ್ಕಂ ಪೌಡರ್ ಉದುರಿಸಿ ಊದಿಬಿಟ್ಟರೆ ಮಂಕಾಗುತ್ತದೆ. ಎರಡನೆಯದು, ತಂತಿ ಸರದಂತೆ ಇಳಿಬಿದ್ದು ಎದೆಗೆ ಜಾರುತ್ತದೆ. ಮೂಲದಲ್ಲಿ ಬಳ್ಳಿ ಕುತ್ತಿಗೆಯನ್ನು ಸುತ್ತಿ ಕೆಳಗೆ ಬೇರಿನಂತೆ ಹರಡುತ್ತದೆ, ಹಾಗಾಗಿ ಕುತ್ತಿಗೆಯ ಹಿಂದೆ ಚರ್ಮದ ಬಣ್ಣದ ದಾರದಿಂದ ಎತ್ತಿ ಕಟ್ಟಿ, ಮುಂದಿನ ಎಳೆಗಳನ್ನು ಮಾತ್ರ ಬಿಡಿಸಿ ಹರಡಿ. ಮೂರನೆಯದು, ತೂಗುವ ವಸ್ತುವಿನ ಭಾರ. ನಿಜವಾದ ಬೀಗ ತೂಗಿದರೆ ಬಳ್ಳಿ ಚೂಪಾಗಿ ಬಾಗುತ್ತದೆ. ವಸ್ತುವನ್ನು ಬಟ್ಟೆಗೆ ಸೇಫ್ಟಿ ಪಿನ್ನಿನಿಂದ ಹಿಡಿಸಿ, ಬಳ್ಳಿಗೆ ತಾಗಿದಂತೆ ಮಾತ್ರ ಕಾಣಿಸಿ.

ಎಲೆಗಳ ಹಿನ್ನೆಲೆಗೆ ಅಗಲ ಎಲೆಗಳನ್ನು ಹಸಿರು ಬಟ್ಟೆಗೆ ಪಿನ್ನು ಮಾಡಿ, ತಲೆಯಿಂದ ಅರ್ಧ ಮೀಟರ್ ಹಿಂದೆ ಕಟ್ಟಿ. ಕಿತ್ತ ಎಲೆ ಬಹಳ ಹೊತ್ತು ತಾಳುವುದಿಲ್ಲ, ಅಂಚು ಸುರುಳಿಗಟ್ಟುತ್ತದೆ. ಬೆಳಕು, ಚೌಕಟ್ಟು ಎಲ್ಲ ಸಿದ್ಧವಾದ ಮೇಲೆ ಕೊನೆಗೆ ಎಲೆ ಕಟ್ಟಿ.

ಡ್ಯೂರರ್ ಬರಹದ ಜಾಗದಲ್ಲಿ ನಿಮ್ಮ ಲಿಪಿ

ಎರಡು ಕಪ್ಪು ಕಾಗದದ ತುಂಡುಗಳ ಮೇಲೆ ಚಿನ್ನದ ಬಣ್ಣದ ಪೆನ್ನಿನಿಂದ ನೀವೇ ಬರೆಯಿರಿ. ಒಂದರಲ್ಲಿ ಹೆಸರಿನ ಮೊದಲಕ್ಷರ ಮತ್ತು ಇಸವಿ, ಇನ್ನೊಂದರಲ್ಲಿ ವಯಸ್ಸು ಮತ್ತು ಒಂದು ವಾಕ್ಯ. ಮನೆಯಲ್ಲಿ ಆಡುವ ಭಾಷೆ ಒಂದು, ಓದಿದ ಲಿಪಿ ಇನ್ನೊಂದು ಎಂಬವರು ಬಹಳ. ಅಂಥವರು ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು ಬರೆಯಲಿ. ಮನೆಮಾತಿನ ಲಿಪಿ ಬರೆಯಲು ಬಾರದಿದ್ದರೆ ಆ ಬದಿಯನ್ನು ಖಾಲಿ ಬಿಡುವುದೂ ಪ್ರಾಮಾಣಿಕ ಉತ್ತರವೇ. ಕಂಪ್ಯೂಟರ್ ಅಕ್ಷರ ಅಂಟಿಸಬೇಡಿ. ಕೈಬರಹದ ಅಳುಕು ಬೇಕು. ಚಿನ್ನದ ಶಾಯಿ ಕಿಟಕಿಗೆ ಎದುರಾದರೆ ಪೂರ್ತಿ ಬಿಳಿಯಾಗಿ ಹೊಳೆಯುತ್ತದೆ. ಕಾಗದದ ಮೇಲಂಚನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಅಂಟಿಸಿದರೆ ಹೊಳಪು ನೆಲಕ್ಕೆ ಹೋಗುತ್ತದೆ. ಕಾಗದ ಮತ್ತು ಹಿನ್ನೆಲೆ ಬಟ್ಟೆಯ ಕಪ್ಪು ಬೇರೆಬೇರೆಯಾಗಿ ಕಂಡರೆ ಎಡಿಟಿಂಗ್‌ನಲ್ಲಿ ಅಂಚುಗಳನ್ನು ಕತ್ತಲಾಗಿಸಿ.

ಇಬ್ಬರಾಗುವುದು

1939ರ ಕಾಲೊ ಚಿತ್ರ ಈಗ ಮೆಕ್ಸಿಕೊ ನಗರದ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಇಬ್ಬರು ಫ್ರಿಡಾ ಕೈ ಹಿಡಿದು ಕೂತಿದ್ದಾರೆ. ಒಬ್ಬರದ್ದು ಬಿಳಿ ಯುರೋಪಿಯನ್ ಉಡುಪು, ಇನ್ನೊಬ್ಬರದ್ದು ಮೆಕ್ಸಿಕೊದ ಸಾಂಪ್ರದಾಯಿಕ ತೆಹುವಾನಾ ಉಡುಪು. ಇಬ್ಬರ ಹೃದಯವೂ ತೆರೆದಿದೆ, ಒಂದೇ ರಕ್ತನಾಳ ಎರಡನ್ನೂ ಜೋಡಿಸಿದೆ. ಅವರ ತಂದೆ ಜರ್ಮನಿಯಲ್ಲಿ ಹುಟ್ಟಿದ ಛಾಯಾಗ್ರಾಹಕ, ತಾಯಿ ಮೆಕ್ಸಿಕೊದವರು.

ಟ್ರೈಪಾಡ್, ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ನಾಲ್ಕನ್ನೂ ಕಟ್ಟಿಹಾಕಿ. ಎರಡು ಆಸನ ಪಕ್ಕಪಕ್ಕ, ಒಂದನ್ನೂ ಅಲುಗಿಸಬಾರದು. ಮೊದಲು ನೋಡುವವರ ಎಡಗಡೆಯ ಆಸನದಲ್ಲಿ ಕೂತು, ನಿಮ್ಮ ಎಡಗೈಯನ್ನು ನಡುವೆ ಗುರುತು ಮಾಡಿದ ಜಾಗದ ಮೇಲೆ ಇಟ್ಟು ಫೋಟೊ ತೆಗೆಯಿರಿ. ಬಟ್ಟೆ ಬದಲಿಸಿ ಬಲಗಡೆ ಕೂತು, ಬಲಗೈಯನ್ನು ಅದೇ ಜಾಗಕ್ಕೆ ತನ್ನಿ. ಕೆಳಗೆ ಕೈ ಇಲ್ಲವಲ್ಲ, ಆದ್ದರಿಂದ ಅಷ್ಟೇ ದಪ್ಪಕ್ಕೆ ಬಟ್ಟೆ ಮಡಚಿಟ್ಟು ಅದರ ಮೇಲೆ ಇಡಿ. ಎಡಿಟಿಂಗ್‌ನಲ್ಲಿ ಈ ಎರಡನೆಯ ಫೋಟೊವನ್ನು ಮೇಲಿನ ಪದರವಾಗಿಟ್ಟು, ಅದರ ಎಡ ಅರ್ಧವನ್ನು ಮಾಸ್ಕ್ ಮಾಡಿ, ಅಂದರೆ ಮರೆಮಾಡಿ, ಕೈಯ ಸುತ್ತ ಮಾತ್ರ ಎಚ್ಚರದಿಂದ ಚಿಕ್ಕ ಬ್ರಷ್‌ನಲ್ಲಿ ತೆರೆಯಿರಿ. ಎರಡೂ ಫೋಟೊಗಳ ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ಮೋಡ ಸರಿದರೆ ಒಬ್ಬರು ಬೆಳಿಗ್ಗೆ, ಇನ್ನೊಬ್ಬರು ಸಂಜೆ ಕೂತಂತೆ ಕಾಣುತ್ತದೆ. ಎರಡನೆಯ ಬಟ್ಟೆ ಒಳಗೇ ಹಾಕಿಕೊಂಡಿದ್ದರೆ ಸಮಯ ಉಳಿಯುತ್ತದೆ. ನಾಳದ ಜಾಗಕ್ಕೆ ಒಂದು ಕೆಂಪು ನೂಲು ಸಾಕು, ಎರಡೂ ಫೋಟೊಗಳಲ್ಲಿ ಅದು ಒಂದೇ ಜಾಗದಲ್ಲಿ ಇರಲಿ.

ಇಲ್ಲಿ ಬಟ್ಟೆಗಿಂತ ಮುಖ್ಯವಾದ ಆಯ್ಕೆ ಇನ್ನೊಂದಿದೆ. ಇಬ್ಬರಲ್ಲಿ ಯಾರು ನೇರ ಕೂತಿದ್ದಾರೆ, ಯಾರು ಯಾರ ಕೈ ಹಿಡಿದಿದ್ದಾರೆ? ಇಬ್ಬರಿಗೂ ಒಂದೇ ಮುಖಭಾವ ಕೊಟ್ಟುನೋಡಿ. ಆಗ ವ್ಯತ್ಯಾಸವೆಲ್ಲ ಬಟ್ಟೆಯ ಮೇಲೆ ಬೀಳುತ್ತದೆ, ಮನುಷ್ಯ ಒಬ್ಬರೇ ಎನ್ನುವುದು ಉಳಿಯುತ್ತದೆ.

ದಾಟಬಾರದ ಗೆರೆ

ಮೂಲದ ವ್ಯಕ್ತಿಯ ಮೈಬಣ್ಣಕ್ಕೆ ಹೊಂದಲೆಂದು ನಿಮ್ಮ ಚರ್ಮವನ್ನು ಕಪ್ಪಾಗಿಸುವುದು, ಬಿಳಿಯಾಗಿಸುವುದು, ಕಣ್ಣಿನ ಆಕಾರ ಎಳೆಯುವುದು ಬೇಡ. ಅದರಿಂದ ಇನ್ನೊಬ್ಬರ ದೇಹ ಹಾಸ್ಯದ ವಸ್ತುವಾಗುತ್ತದೆ. ಮೇಲಾಗಿ ಈ ಕೆಲಸದ ಅರ್ಥವೇ ಬಿದ್ದುಹೋಗುತ್ತದೆ. ಆ ಚೌಕಟ್ಟಿನಲ್ಲಿ ನಿಮ್ಮ ಮೈಬಣ್ಣ ಕಾಣಬೇಕೆಂದೇ ಅಲ್ಲವೇ ಇಷ್ಟೆಲ್ಲ? ಮತ್ತೊಂದು ಸಮುದಾಯದ ಉಡುಪು ಮೂಲದಲ್ಲಿದ್ದರೆ ಅದನ್ನು ಬಾಡಿಗೆ ತಂದು ತೊಡುವುದಕ್ಕಿಂತ ಆ ಜಾಗದಲ್ಲಿ ನಿಮ್ಮ ಮನೆಯ ಬಟ್ಟೆ ಇಡಿ. ನಿಮ್ಮದೇ ಸಮುದಾಯದ ಪೂಜೆಯ, ಸಾವಿನ, ಮದುವೆಯ ವಸ್ತುವಾದರೂ ಅದನ್ನು ಜೋಪಾನ ಮಾಡಿದ ಹಿರಿಯರನ್ನು ಕೇಳಿಯೇ ತನ್ನಿ. ಹಾಗೆ ಕೇಳುವಾಗ ಅವರು ಹೇಳುವ ಮಾತಿನಿಂದ ಎಷ್ಟೋ ಸಲ ಮೂರನೆಯ ಸಾಲೇ ಬದಲಾಗುತ್ತದೆ.

ಎಡಿಟಿಂಗ್, ಹೆಸರು, ಮುದ್ರಣ

ಮೂಲ ಮತ್ತು ನಿಮ್ಮ ಫೋಟೊ ಪಕ್ಕಪಕ್ಕ ತೆರೆಯಿರಿ. ಮೂರು ಜಾಗ ಮಾತ್ರ ಹೋಲಿಸಿ: ಹಣೆಯ ಬೆಳಕು, ಕತ್ತಿನ ನೆರಳು, ಹಿನ್ನೆಲೆಯ ಕಡು ಭಾಗ. ನೆರಳು ಮತ್ತು ಹಿನ್ನೆಲೆಯನ್ನು ಬೆಳಕು ಕತ್ತಲೆ ಹೊಂದಿಸುವ ಕರ್ವ್ಸ್ ಸಾಧನದಲ್ಲಿ ಹೊಂದಿಸಿ. ಹಣೆಯಲ್ಲಿ ಮೈಬಣ್ಣ ನಿಮ್ಮದೇ ಉಳಿಯಲಿ, ಹೊಳಪಿನ ಪ್ರಮಾಣ ಮಾತ್ರ ಮೂಲದ್ದಾಗಲಿ. ತೈಲಚಿತ್ರದಂತೆ ಕಾಣಿಸುವ ಫಿಲ್ಟರ್ ಹಾಕಬೇಡಿ, ಚರ್ಮ ನುಣುಪು ಮಾಡಬೇಡಿ. ಇದು ಫೋಟೊ ಎಂದು ಗೊತ್ತಾಗಬೇಕು. ಅಮೆರಿಕದ ಛಾಯಾಗ್ರಾಹಕಿ ಸಿಂಡಿ ಶೆರ್ಮನ್ 1988ರಿಂದ 1990ರವರೆಗೆ ಹಳೆಯ ಭಾವಚಿತ್ರಗಳ ಮಾದರಿಯಲ್ಲಿ ಮಾಡಿದ ಸರಣಿಯಲ್ಲಿ ಅಂಟಿಸಿದ ಕೃತಕ ಅಂಗಗಳ ಅಂಚನ್ನು ಮರೆಮಾಡಲು ಹೋಗಿಲ್ಲ. ಕಟ್ಟಿದ್ದು ಕಟ್ಟಿದ್ದೆಂದು ಕಾಣುವುದರಲ್ಲೇ ಅವುಗಳ ಬಲವಿದೆ.

ಫೋಟೊ ಕೆಳಗೆ ಮೂಲ ಕಲಾವಿದರ ಹೆಸರು, ಚಿತ್ರ, ಇಸವಿ ಬರೆಯಿರಿ. ಬದಲಿಸಿದ ವಸ್ತು ಯಾವುದು ಎಂದು ಒಂದು ಸಾಲು, ಅದರ ಅರ್ಥವೇನು ಎಂಬ ವಿವರಣೆ ಬೇಡ. ಡ್ಯೂರರ್, ರೆಂಬ್ರಾಂಟ್, ವ್ಯಾನ್ ಗೋ ಚಿತ್ರಗಳಿಗೆ ಹಕ್ಕುಸ್ವಾಮ್ಯದ ತೊಡಕಿಲ್ಲ. 20ನೇ ಶತಮಾನದವರ ವಿಷಯದಲ್ಲಿ ಹಕ್ಕಿನ ಅವಧಿ ದೇಶದಿಂದ ದೇಶಕ್ಕೆ ಬೇರೆ. ಮಾರುವ ಅಥವಾ ಜಾಹೀರಾತಿಗೆ ಕೊಡುವ ಯೋಚನೆಯಿದ್ದರೆ ಮೊದಲೇ ವಿಚಾರಿಸಿ. ಶೆರ್ಮನ್, ಮೊರಿಮುರ ಅಂಥವರ ಫೋಟೊಗಳನ್ನೇ ಮರುಸೃಷ್ಟಿಸುವುದಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಮುದ್ರಿಸುವ ಮುನ್ನ ಒಂದು ಪರೀಕ್ಷೆ. ಏನೂ ಹೇಳದೆ ಒಬ್ಬರಿಗೆ ಫೋಟೊವನ್ನು ಐದು ಸೆಕೆಂಡು ತೋರಿಸಿ ಮುಚ್ಚಿ, ಏನು ಕಂಡಿತು ಎಂದು ಕೇಳಿ. ವಸ್ತುವಿನ ಹೆಸರು ಮೊದಲು ಬಂದರೆ ಅದು ದೊಡ್ಡದಾಗಿದೆ ಅಥವಾ ಹೆಚ್ಚು ಹೊಳೆಯುತ್ತಿದೆ. ಆ ಭಾಗವನ್ನು ಸ್ವಲ್ಪ ಕತ್ತಲಾಗಿಸಿ. ವಸ್ತುವಿನ ಮಾತೇ ಬರದಿದ್ದರೆ ಅದನ್ನು ಕಣ್ಣು ಮತ್ತು ಕೈಗಳ ನಡುವಿನ ದಾರಿಗೆ ತಂದು ಮತ್ತೆ ತೆಗೆಯಿರಿ. ಚಿತ್ರದ ನೆನಪು ಮೊದಲು ಬಂದು, ಸ್ವಲ್ಪ ತಡೆದು 'ಆದರೆ ಅದರಲ್ಲಿ...' ಎಂದು ಮಾತು ಮುಂದುವರಿದರೆ ಮುದ್ರಣಕ್ಕೆ ಕೊಡಿ. 20ಕ್ಕೆ 25 ಸೆಂ.ಮೀ. ಪ್ರತಿಗೆ 2400ಕ್ಕೆ 3000 ಪಿಕ್ಸೆಲ್ ಬೇಕು. ಕಾಗದ ಮ್ಯಾಟ್ ಇರಲಿ, ಗ್ಲಾಸಿ ಕಾಗದದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ನೋಡುವವರ ಮುಖವೇ ಪ್ರತಿಫಲಿಸುತ್ತದೆ.